ಎರಡು ರಾತ್ರಿಗೊಂದು ಕೋಣೆ

ಬಟೂಮಿಯ ಕಡಲ ದಂಡೆಯ ಹೋಟೆಲಿನಲ್ಲಿ
ದಿನಕ್ಕೆ ಹದಿನಾಲ್ಕು ಕೋಣೆ ನನ್ನ ಪಾಲು,
ಹನ್ನೊಂದು ವರ್ಷದಿಂದ.
ಇದುವರೆಗೆ ಹಾಸಿದ ಹಾಸಿಗೆಗಳನ್ನು ಸಾಲಾಗಿ ಜೋಡಿಸಿದರೆ
ಟಿಬಿಲಿಸಿಯ ತನಕ ಮೆತ್ತಗೆ ನಡೆದೇ ಹೋಗಬಹುದು ಎನ್ನುತ್ತಾನೆ ರಾಮಾಜ್.
ಲೆಕ್ಕ ಹಾಕಿ ನೋಡಿದೆ.
ಕುತಾಯಿಸಿಯೂ ಮುಟ್ಟದು.

ಈ ಸಲ ರೈಲಿನಲ್ಲೇ ಹೋಗುತ್ತೇವೆ, ನಾಲ್ಕು ಜನ, ಎರಡು ರಾತ್ರಿ.
ಊಟದ ಮೇಜಿನ ನಡುವೆ ಉಪ್ಪಿನ ಡಬ್ಬಿಗೆ ಒರಗಿ ನಿಂತ ಫೋನು,
ಅದರೊಳಗೆ ಒಂದರ ಹಿಂದೊಂದು ಕೋಣೆ.
ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರಬೇಕು, ರಾಮಾಜನಿಗೆ.
ಮೆಟ್ಟಿಲು ಕೂಡದು, ಗಂಧಕದ ಬಿಸಿನೀರು ಹತ್ತಿರವಿರಬೇಕು,
ಅತ್ತೆ ಗುಲಿಕೋಳ ಮಂಡಿಗಳಿಗೆ.
ನುತ್ಸಾಳಿಗೆ ಇನ್ನೇನೂ ಬೇಡ,
ಬೆಟ್ಟದ ನೆತ್ತಿಯ ದೊಡ್ಡ ಚಕ್ರ
ಕಿಟಕಿಯಿಂದ ಕಂಡರೆ ಸಾಕು.

ನನ್ನ ಕಣ್ಣೇ ಬೇರೆ.
ಗುಲಾಬಿ ಎಸಳು ಚೆಲ್ಲಿದ ಹಾಸಿಗೆ ಕಂಡರೆ
ಅವನ್ನು ಒಂದೊಂದೇ ಹೆಕ್ಕುವ ಬೆರಳು ಕಾಣುತ್ತದೆ.
ಬಿಳಿಯ ನೆಲಹಾಸು ಕಂಡರೆ
ವೈನ್ ಚೆಲ್ಲಿದ ರಾತ್ರಿ, ಉಪ್ಪು, ಸೋಡಾ, ಊರಿದ ಮೊಣಕಾಲು.
ಟವೆಲ್ಲಿನ ಎರಡು ಹಂಸ ಕೊರಳಿಗೆ ಕೊರಳು ಕೊಟ್ಟು ಕೂತಿವೆ;
ಒಂದು ಹಂಸಕ್ಕೆ ನಾಲ್ಕು ನಿಮಿಷ,
ಆ ನಾಲ್ಕು ನಿಮಿಷ ಯಾರ ಸಂಬಳದಲ್ಲೂ ಇಲ್ಲ.
ಗಾಜಿನ ಗೋಡೆಯ ಬಚ್ಚಲು ಬಂದಾಗ ಮಾತ್ರ
ಅತ್ತೆ ಫೋನನ್ನೇ ಬೋರಲು ಹಾಕಿದಳು.

ಸ್ಟೇಷನ್ನಿನ ಬಳಿಯದು ಅಗ್ಗ. ಹೊದಿಕೆಯ ಅಂಚು ಜೋತುಬಿದ್ದಿದೆ,
ಅವಸರದ ಕೈ, ಇಬ್ಬರ ಕೆಲಸಕ್ಕೆ ಒಬ್ಬಳು.
"ಮಲಗೋದಕ್ಕೆ ತಾನೆ? ಕಣ್ಣು ಮುಚ್ಚಿದರೆ ಎಲ್ಲ ಕೋಣೆಯೂ ಒಂದೇ."
ಮುಚ್ಚಿದ ಕಣ್ಣಿಗೆ ಮನೆಯೇ ಇದೆಯಲ್ಲ, ರಾಮಾಜ್.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಜನ
ಹಾಸಿದವಳ ಕಾಲಿನ ಮಾತು ಎತ್ತುವುದಿಲ್ಲ.

ಕೊನೆಗೆ ಸಿಕ್ಕಿತು, ಸೊಲೊಲಾಕಿಯ ಇಳಿಜಾರಿನ ಹಳೇ ಮನೆ,
ಅಂಗಳಕ್ಕೆ ತೆರೆದ ಕೆಳಗಿನ ಕೋಣೆ.
ಮೂರನೆಯ ಚಿತ್ರದ ಕನ್ನಡಿಯ ಮೂಲೆಯಲ್ಲಿ
ತಳ್ಳುಗಾಡಿಯ ಒಂದು ಚಕ್ರ, ಅರ್ಧ ನೀಲಿ ತೋಳು.
ಚಿತ್ರ ತೆಗೆದವನು ಗಮನಿಸಿಲ್ಲ.
ಆದರೆ ಹಾಸಿಗೆಯ ಮೂಲೆ ನೋಡಿ:
ಕಾಗದದ ದೋಣಿಯ ಮೂತಿಯ ಹಾಗೆ, ಅಷ್ಟು ಚೂಪು!
"ಇದೇ," ಎಂದೆ.
ತಿಂಡಿ ಇಲ್ಲ. ಚಕ್ರ ಕಾಣದು.
ನುತ್ಸಾ ಎರಡು ದಿನ ಮಾತು ಬಿಟ್ಟಳು.

ಹೋದೆವು.
ಮೊದಲ ರಾತ್ರಿ ನಿದ್ದೆ ಬರಲಿಲ್ಲ, ದಿಂಬು ತೀರಾ ಉಬ್ಬಿತ್ತು.
ಬೆಳಕು ಹರಿಯುವ ಮೊದಲೇ ಎದ್ದು
ಹೊದಿಕೆ ಕೊಡವಿ, ಮೂಲೆ ಮಡಿಸುತ್ತಿದ್ದೆ,
ಅದರೊಳಗೆ ರಾಮಾಜ್ ಇನ್ನೂ ಮಲಗಿಯೇ ಇದ್ದ.

ಓಣಿಯಲ್ಲಿ ಸಿಕ್ಕಳು ನೀಲಿ ತೋಳಿನವಳು.
"ಶುಭೋದಯ" ಅಂದಳು,
ಅತಿಥಿಯ ಕಣ್ಣಿಗಿಂತ ಗೇಣುದ್ದ ಕೆಳಗೆ ನೋಡಿ,
ನಾನು ಹೇಳುವ ಹಾಗೆಯೇ.
ಏನೇನೋ ಹೇಳಬೇಕೆನಿಸಿತು.
"ಟವೆಲ್ ಬದಲಿಸಬೇಡಿ, ಒಣಗಿವೆ,
ಹಾಸಿಗೆ ನಾನೇ ಹಾಕಿದ್ದೇನೆ" ಅಂದೆ.
ಅವಳು ಬಾಗಿಲಿನಿಂದಲೇ ಇಣುಕಿ ಮೂಲೆ ನೋಡಿದಳು.
ಆಮೇಲೆ ನನ್ನ ಕೈ ನೋಡಿದಳು.
"ಯಾವ ಹೋಟೆಲು?" ಎಂದು ಕೇಳಿದಳು.

ಉತ್ತರ ಕೊಡುವಷ್ಟರಲ್ಲಿ ಒಳಗಿನಿಂದ ನುತ್ಸಾಳ ಕೂಗು.
ಬಚ್ಚಲಿನ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ತುದಿಗಾಲಲ್ಲಿ ನಿಂತು
ಮೇಲಿನ ಕಿಂಡಿಗೆ ಕಣ್ಣಿಟ್ಟರೆ
ಚಕ್ರದ ಕಾಲು ಭಾಗ ಕಾಣುತ್ತದಂತೆ.
ನಾನು ಹತ್ತಿದೆ. ಹೌದು, ಕಾಣುತ್ತದೆ.
ರಾಮಾಜನೂ ಹತ್ತಿದ, ಬಕೆಟ್ಟು ಸೀಳಿತು.
ಗುಲಿಕೋ ಕೆಳಗಿನಿಂದಲೇ ಕೇಳುತ್ತಿದ್ದಳು:
ತಿರುಗುತ್ತಿದೆಯಾ, ನಿಂತಿದೆಯಾ?